ಬರಗಾಲದಲ್ಲಿ ಕುರುಚಲು ಗಿಡಗಳ ದ್ಯುತಿಸಂಶ್ಲೇಷಣೆ: ಅಪರೂಪದ ಮತ್ತು ಸಾಮಾನ್ಯ ಪೊದೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಗುಡ್ಡ, ಕಾವಲು, ಕುರುಚಲು ಕಾಡುಗಳಲ್ಲಿ ಬೆಳೆಯುವ ಪೊದೆಗಿಡಗಳು ಬರವನ್ನು ಹೇಗೆ ಎದುರಿಸುತ್ತವೆ ಎಂಬ ಬಗ್ಗೆ ವಿಜ್ಞಾನ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಗಿಡಗಳಲ್ಲಿ ಆಸಕ್ತಿಯುಳ್ಳ ಸಾಮಾನ್ಯ ಓದುಗರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಉತ್ತರಗಳೊಂದಿಗೆ ಕೊಡಲಾಗಿದೆ.

ಗಿಡದ ಲೆಕ್ಕದಲ್ಲಿ ಬರ ಎಂದರೇನು? ಸರ್ಕಾರ ಘೋಷಿಸುವ ಬರವೂ ಅದೂ ಒಂದೇ ಅಲ್ಲವೇ?

ಒಂದೇ ಅಲ್ಲ. ಸರ್ಕಾರವು ಮಳೆಯ ಕೊರತೆ, ಬೆಳೆಯ ಸ್ಥಿತಿ, ಮಣ್ಣಿನ ತೇವಾಂಶ ಮುಂತಾದವನ್ನು ನೋಡಿ ತಾಲ್ಲೂಕುವಾರು ಬರ ಘೋಷಿಸುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಈ ಪಟ್ಟಿಗೆ ಸೇರಿದ್ದವು. ಗಿಡದ ಮಟ್ಟಿಗೆ ಬರವೆಂದರೆ ಎಲೆಗಳು ಗಾಳಿಗೆ ಬಿಟ್ಟುಕೊಡುವಷ್ಟು ನೀರನ್ನು ಬೇರು ಒದಗಿಸಲಾಗದ ಸ್ಥಿತಿ. ಈ ಸ್ಥಿತಿ ಮಳೆ ಚೆನ್ನಾಗಿ ಬಿದ್ದ ವರ್ಷದಲ್ಲಿಯೂ ಬರಬಹುದು, ಒಂದೇ ಗುಡ್ಡದ ಬುಡದಲ್ಲಿ ಇಲ್ಲದೆ ನೆತ್ತಿಯಲ್ಲಿ ಮಾತ್ರ ಇರಬಹುದು.

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವು 2022ರಲ್ಲಿ, 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಿತು. ಅದರ ಮರುವರ್ಷವೇ ರಾಜ್ಯಕ್ಕೆ ಬರ ಬಂತು. ಜಲಾಶಯದಲ್ಲಿ ನೀರು ನಿಂತಿದ್ದರೂ ಬಂಡೆಯ ಮೇಲಿನ ಒಂದು ಗೇಣು ಮಣ್ಣಿನಲ್ಲಿ ಬೇರೂರಿದ ಪೊದೆಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಅದಕ್ಕೆ ಸಿಗುವುದು ಆ ಗೇಣು ಮಣ್ಣು ಹಿಡಿದಿಟ್ಟುಕೊಂಡ ತೇವ ಮಾತ್ರ.

ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಗೆ ಹೆಚ್ಚಿನ ಮಳೆ ಬರುವುದು ಉತ್ತರೆ, ಹಸ್ತ, ಚಿತ್ತೆಯ ದಿನಗಳಲ್ಲಿ, ಅಂದರೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದಿದ್ದರೂ ಹಲವು ವರ್ಷ ಮಳೆಗಿಂತ ಗಾಳಿಯೇ ಹೆಚ್ಚು. ಚಿತ್ರದುರ್ಗದ ಸುತ್ತಲಿನ ಗುಡ್ಡಸಾಲುಗಳಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಲು ಕಾರಣವಾದ ಆಷಾಢದ ಗಾಳಿಯೇ ಎಲೆಯ ಮೈಗೆ ಅಂಟಿಕೊಂಡ ತೇವದ ಪದರವನ್ನು ಒರೆಸಿ ಹಾಕಿ, ಎಲೆಯಿಂದ ನೀರು ಹೋಗುವ ವೇಗವನ್ನು ಹೆಚ್ಚಿಸುತ್ತದೆ. ಹೀಗಾಗಿ ಮಳೆಯ ಅಂಕಿಅಂಶವನ್ನಷ್ಟೇ ನೋಡಿ ಗಿಡದ ಬರವನ್ನು ಅಂದಾಜು ಮಾಡಿದರೆ ಅರ್ಧ ವಿಷಯ ತಪ್ಪಿಹೋಗುತ್ತದೆ.

ದ್ಯುತಿಸಂಶ್ಲೇಷಣೆಗೆ ನೀರು ಕಚ್ಚಾವಸ್ತು. ನೀರು ಸಾಲದೆಯೇ ಅದು ನಿಲ್ಲುತ್ತದೆಯೇ?

ಪಠ್ಯಪುಸ್ತಕದ ಸಮೀಕರಣವನ್ನು ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ, ಆದರೆ ಕಾರಣ ಅದಲ್ಲ. ಬೇರು ಹೀರಿದ ನೀರಿನಲ್ಲಿ ದ್ಯುತಿಸಂಶ್ಲೇಷಣೆಯ ರಾಸಾಯನಿಕ ಕ್ರಿಯೆಗೆ ಬಳಕೆಯಾಗುವುದು ಶೇಕಡಾ 1ಕ್ಕಿಂತಲೂ ಕಡಿಮೆ. ಉಳಿದುದರಲ್ಲಿ ಬಹುಪಾಲು ಎಲೆಯ ಪತ್ರರಂಧ್ರಗಳ, ಅಂದರೆ ಎಲೆಯ ಮೈಯಲ್ಲಿರುವ ಅತಿ ಸಣ್ಣ ತೂತುಗಳ ಮೂಲಕ ಆವಿಯಾಗಿ ಹೋಗುತ್ತದೆ. ಎಲೆ ಬಾಡುವಷ್ಟು ನೀರು ಕಡಿಮೆಯಾದಾಗಲೂ ಕೋಶದೊಳಗೆ ಆ ಕ್ರಿಯೆಗೆ ಬೇಕಾಗುವಷ್ಟು ನೀರು ಇದ್ದೇ ಇರುತ್ತದೆ.

ನಿಜವಾದ ತೊಡಕು ಇರುವುದು ಪತ್ರರಂಧ್ರದಲ್ಲಿ. ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ನೀರಿನ ಆವಿ ಹೊರಗೆ ಹೋಗುವುದೂ ಒಂದೇ ರಂಧ್ರದ ಮೂಲಕ. ನಮ್ಮ ಬಹುತೇಕ ಪೊದೆಗಳು ಅನುಸರಿಸುವ, ಸಿ-3 ಎಂಬ ಇಂಗಾಲ ಹಿಡಿಯುವ ವಿಧಾನದಲ್ಲಿ ಇಂಗಾಲದ ಡೈಆಕ್ಸೈಡಿನ ಒಂದು ಅಣುವನ್ನು ಪಡೆಯಲು ಗಿಡವು ನೀರಿನ ಸುಮಾರು 400 ಅಣುಗಳನ್ನು ಕಳೆದುಕೊಳ್ಳುತ್ತದೆ. ಜೋಳ, ಮೆಕ್ಕೆಜೋಳ, ರಾಗಿಗಳ ಸಿ-4 ವಿಧಾನದಲ್ಲಿ ಇದು ಸುಮಾರು 150. ಪಾಪಾಸುಕಳ್ಳಿಯಂತಹ ಗಿಡಗಳಲ್ಲಿ ಸುಮಾರು 50. ಮಣ್ಣು ಒಣಗತೊಡಗಿದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ. ಅದರ ಸೂಚನೆಗೆ ರಂಧ್ರದ ಎರಡೂ ಬದಿಯ ಕಾವಲು ಕೋಶಗಳು ಪೊಟ್ಯಾಸಿಯಂ ಮತ್ತಿತರ ಲವಣಗಳನ್ನು ಹೊರಹಾಕಿ, ನೀರು ಕಳೆದುಕೊಂಡು ಸೊರಗುತ್ತವೆ, ರಂಧ್ರ ಮುಚ್ಚುತ್ತದೆ. ನೀರು ಉಳಿಯಿತು, ಆದರೆ ಇಂಗಾಲವೂ ನಿಂತಿತು. ಸೌಮ್ಯ ಬರದಲ್ಲಿ ದ್ಯುತಿಸಂಶ್ಲೇಷಣೆ ಇಳಿಯುವುದಕ್ಕೆ ಮುಖ್ಯ ಕಾರಣ ಈ ಇಂಗಾಲದ ಕೊರತೆಯೇ.

ರಂಧ್ರ ಮುಚ್ಚಿಕೊಂಡರೂ ಬಿಸಿಲು ಬೀಳುತ್ತಲೇ ಇರುತ್ತದೆ. ಆ ಬೆಳಕನ್ನು ಎಲೆ ಏನು ಮಾಡುತ್ತದೆ?

ಬರದ ಅಧ್ಯಯನದಲ್ಲಿ ಹೆಚ್ಚು ಸ್ವಾರಸ್ಯವಾದ ಪ್ರಶ್ನೆ ಇದೇ ಎಂದು ಈ ಲೇಖಕನ ಅಭಿಪ್ರಾಯ. ಪತ್ರಹರಿತ್ತು ಬೆಳಕನ್ನು ಹೀರುವುದನ್ನು ನಿಲ್ಲಿಸುವುದಿಲ್ಲ. ಹೀರಿದ ಶಕ್ತಿಯನ್ನು ಸಕ್ಕರೆಯಾಗಿಸಲು ಬೇಕಾದ ಇಂಗಾಲ ಮಾತ್ರ ಇಲ್ಲ. ಖರ್ಚಾಗದೆ ಉಳಿದ ಶಕ್ತಿ ಆಮ್ಲಜನಕಕ್ಕೆ ವರ್ಗವಾದರೆ, ಕೋಶಪೊರೆಗಳನ್ನೂ ಪ್ರೋಟೀನುಗಳನ್ನೂ ಹಾಳುಮಾಡುವ ಉಗ್ರ ಆಮ್ಲಜನಕ ರೂಪಗಳು ಹುಟ್ಟುತ್ತವೆ.

ಗಿಡ ಇದನ್ನು ಹಲವು ದಾರಿಗಳಲ್ಲಿ ತಡೆಯುತ್ತದೆ. ಮೊದಲನೆಯದು ಹೆಚ್ಚುವರಿ ಶಕ್ತಿಯನ್ನು ಶಾಖವಾಗಿ ಹೊರಹಾಕುವುದು: ಬೆಳಕು ವಿಪರೀತವಾದಾಗ ಎಲೆಯಲ್ಲಿರುವ ವಯೋಲಾಜಾಂಥಿನ್ ಎಂಬ ಹಳದಿ ವರ್ಣದ್ರವ್ಯವು ಜಿಯಾಜಾಂಥಿನ್ ಆಗಿ ಬದಲಾಗಿ ಈ ಕೆಲಸಕ್ಕೆ ನೆರವಾಗುತ್ತದೆ, ಸಂಜೆಯ ನಂತರ ಮತ್ತೆ ಮೊದಲಿನ ರೂಪಕ್ಕೆ ಮರಳುತ್ತದೆ. ಎರಡನೆಯದು ದ್ಯುತಿ ಉಸಿರಾಟ. ಇಂಗಾಲವನ್ನು ಹಿಡಿಯುವ ರುಬಿಸ್ಕೋ ಕಿಣ್ವವು ಆಮ್ಲಜನಕವನ್ನೂ ಹಿಡಿಯಬಲ್ಲದು. ಎಲೆಯೊಳಗೆ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಾಪ ಏರಿದಾಗ ಈ ಪ್ರವೃತ್ತಿ ಹೆಚ್ಚುತ್ತದೆ. ಇದನ್ನು ಬರೀ ನಷ್ಟವೆಂದೇ ತರಗತಿಗಳಲ್ಲಿ ಕಲಿಸುವುದುಂಟು; ಬರದ ಎಲೆಗೆ ಮಾತ್ರ ಅದು ಹೆಚ್ಚುವರಿ ಶಕ್ತಿಯನ್ನು ಖರ್ಚುಮಾಡುವ ಒಂದು ಮಾರ್ಗವೂ ಹೌದು.

ಹೀರುವ ಬೆಳಕನ್ನೇ ಕಡಿಮೆಮಾಡುವ ಗಿಡಗಳೂ ಇವೆ: ಎಲೆಯನ್ನು ಬಿಸಿಲಿಗೆ ಅಂಚು ತೋರುವಂತೆ ನಿಲ್ಲಿಸಿಕೊಳ್ಳುವುದು, ಸುರುಳಿ ಸುತ್ತುವುದು, ಬಿಳಿ ರೋಮ ಅಥವಾ ಮೇಣದ ಹೊದಿಕೆ ಬೆಳೆಸುವುದು. ಎಕ್ಕದ ಎಲೆಯ ಬೂದುಬಿಳುಪನ್ನು ಕೈಯಿಂದ ಒರೆಸಿದವರಿಗೆ ಈ ಹೊದಿಕೆಯ ಪರಿಚಯವಿರುತ್ತದೆ.

ಬರ ವಾರಗಟ್ಟಲೆ, ತಿಂಗಳುಗಟ್ಟಲೆ ಮುಂದುವರಿದರೆ?

ಆಗ ತೊಂದರೆ ರಂಧ್ರದಿಂದ ಎಲೆಯೊಳಗಿನ ಯಂತ್ರಾಂಗಕ್ಕೆ ಇಳಿಯುತ್ತದೆ. ರಂಧ್ರ ಮುಚ್ಚಿದ ಎಲೆಗೆ ಬಾಷ್ಪವಿಸರ್ಜನೆಯ ತಂಪು ಸಿಗದೆ, ಅದರ ತಾಪ ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ಮೇಲೇರುತ್ತದೆ. ರುಬಿಸ್ಕೋವನ್ನು ಚಾಲನೆಯಲ್ಲಿಡುವ ಸಹಾಯಕ ಕಿಣ್ವವು ಶಾಖಕ್ಕೆ ಬಹಳ ಸೂಕ್ಷ್ಮವಾದುದರಿಂದ ಮೊದಲು ಸೋಲುವುದು ಅದೇ. ಪ್ರೋಟೀನುಗಳ ತಯಾರಿ ಕುಗ್ಗುತ್ತದೆ, ಪತ್ರಹರಿತ್ತು ಕರಗುತ್ತದೆ, ಎಲೆ ಹಳದಿಯಾಗಿ ಉದುರುತ್ತದೆ.

ಇನ್ನೂ ಗಂಭೀರವಾದುದು ಕಾಂಡದೊಳಗೆ ನಡೆಯುತ್ತದೆ. ಕ್ಸೈಲಮ್ ನಾಳಗಳಲ್ಲಿ ನೀರು ಮೇಲೇರುವುದು ಎಳೆತದಿಂದ. ಮಣ್ಣು ಒಣಗಿದಷ್ಟೂ ಎಳೆತ ಹೆಚ್ಚು. ಅದು ಮಿತಿಮೀರಿದಾಗ ನಾಳದೊಳಗೆ ಗಾಳಿಗುಳ್ಳೆ ಸೇರಿ ನೀರಿನ ಎಳೆ ತುಂಡಾಗುತ್ತದೆ. ಸಾಕಷ್ಟು ನಾಳಗಳು ಹೀಗಾದರೆ ಆ ಕೊಂಬೆ ಒಣಗುತ್ತದೆ. ಗಿಡ ಎರಡು ರೀತಿಯಲ್ಲಿ ಸಾಯಬಹುದು: ರಂಧ್ರ ತೆರೆದಿಟ್ಟುಕೊಂಡು ನಾಳ ಕಡಿದುಕೊಂಡು, ಅಥವಾ ರಂಧ್ರ ಮುಚ್ಚಿಕೊಂಡು ಕೂಡಿಟ್ಟ ಪಿಷ್ಟ ತೀರಿಸಿಕೊಂಡು. ವಾಸ್ತವದಲ್ಲಿ ಇವೆರಡೂ ಬೆರೆತೇ ಇರುತ್ತವೆ. ಯಾವುದು ಹೆಚ್ಚು ಎಂಬುದು ಪ್ರಭೇದದಿಂದ ಪ್ರಭೇದಕ್ಕೆ ಬೇರೆ.

ನಮ್ಮ ಸೀಮೆಯ ಸಾಮಾನ್ಯ ಪೊದೆಗಳೆಲ್ಲ ಬರವನ್ನು ಒಂದೇ ರೀತಿಯಲ್ಲಿ ಎದುರಿಸುತ್ತವೆಯೇ?

ಖಂಡಿತ ಇಲ್ಲ, ಮತ್ತು ಇದನ್ನು ನೋಡಲು ಪ್ರಯೋಗಾಲಯ ಬೇಕಿಲ್ಲ. ಮಾರ್ಚ್ ತಿಂಗಳಲ್ಲಿ ಜೋಗಿಮಟ್ಟಿಯ ಇಳಿಜಾರಿನಲ್ಲೋ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ಧಾಮದ ಅಂಚಿನಲ್ಲೋ ನಡೆದರೆ ಸಾಕು.

ಬಂದರಿಕೆಯ ಎಲೆ ಕಿರಿದು, ಗಟ್ಟಿ, ಅಂಟುಳ್ಳ ರಾಳದಿಂದ ಹೊಳೆಯುವಂಥದು. ಎಲೆಯನ್ನು ಉಳಿಸಿಕೊಂಡೇ ಬೇಸಿಗೆ ಕಳೆಯಲು ಪ್ರಯತ್ನಿಸುವ ಗಿಡ. ಲಂಟಾನದ ನಡೆ ಇದಕ್ಕೆ ವಿರುದ್ಧ: ತೇವವಿದ್ದಾಗ ತೆಳ್ಳನೆಯ, ಅಗಲವಾದ ಎಲೆಗಳನ್ನು ಬೇಗ ಬೇಗ ಬಿಟ್ಟು ಲಾಭ ಮಾಡಿಕೊಂಡು, ಒಣಗಿದಾಗ ಅವನ್ನು ಉದುರಿಸಿ ಕಡ್ಡಿಯಾಗಿ ನಿಲ್ಲುತ್ತದೆ, ಒಂದು ಹದಮಳೆಗೆ ಮತ್ತೆ ಚಿಗುರುತ್ತದೆ. ರಸ್ತೆಬದಿಯ ತಂಗಡಿಯದು ಇವೆರಡರ ನಡುವಿನ ದಾರಿ. ಅದರ ಸಣ್ಣ ಕಿರುಎಲೆಗಳು ಶಾಖವನ್ನು ಗಾಳಿಗೆ ಬೇಗ ಬಿಟ್ಟುಕೊಡುತ್ತವೆ. ಬೇಲಿಗೆ ನೆಡುವ, ಎಲೆಯೇ ಇಲ್ಲವೆನ್ನುವಂತಿರುವ ಹಸಿರು ಕಡ್ಡಿಗಳ ಕಳ್ಳಿಯಾದರೋ ದ್ಯುತಿಸಂಶ್ಲೇಷಣೆಯನ್ನು ಕಾಂಡಕ್ಕೇ ವಹಿಸಿದೆ. ಅದು ರಾತ್ರಿಯ ತಂಪಿನಲ್ಲಿ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಆಮ್ಲರೂಪದಲ್ಲಿ ಕೂಡಿಟ್ಟುಕೊಂಡು, ಹಗಲು ರಂಧ್ರ ಮುಚ್ಚಿ ಅದನ್ನೇ ಬಳಸುತ್ತದೆ. ಬೆಳವಣಿಗೆ ನಿಧಾನ, ಆದರೆ ನೀರಿನ ಖರ್ಚು ಅತ್ಯಲ್ಪ.

ಬಳ್ಳಾರಿ ಜಾಲಿಯ ವಿಷಯ ಬೇರೆಯೇ. ಅಮೆರಿಕ ಖಂಡಗಳಿಂದ 19ನೇ ಶತಮಾನದಲ್ಲಿ ಭಾರತಕ್ಕೆ ತಂದ ಈ ಗಿಡ ಬರವನ್ನು ಸಹಿಸುವುದಕ್ಕಿಂತ ತಪ್ಪಿಸಿಕೊಳ್ಳುವುದೇ ಹೆಚ್ಚು, ಏಕೆಂದರೆ ಅದರ ಬೇರು ಆಳದ ನೀರಿಗೆ ಇಳಿಯುತ್ತದೆ. ಇದೇ ಗುಂಪಿನ ಗಿಡದ ಬೇರು ಅಮೆರಿಕದ ಅರಿಜೋನಾದ ಗಣಿಯೊಂದರಲ್ಲಿ 50 ಮೀಟರಿಗೂ ಹೆಚ್ಚು ಆಳದಲ್ಲಿ ಕಂಡುಬಂದ ದಾಖಲೆಯಿದೆ. ಕೆರೆಯಂಗಳದಲ್ಲಿ ಬೇಸಿಗೆಯ ನಡುವೆಯೂ ಹಸಿರಾಗಿ ನಿಂತ ಜಾಲಿಯನ್ನು ಕಂಡು ಅದರ ಎಲೆಯಲ್ಲೇ ಏನೋ ವಿಶೇಷವಿದೆ ಎಂದು ತೀರ್ಮಾನಿಸುವುದು ಅವಸರವಾದೀತು.

‘ಅಪರೂಪದ ಗಿಡ’ ಎಂದು ಯಾವುದನ್ನು ಕರೆಯಬೇಕು?

ಡೆಬೊರಾ ರಾಬಿನೋವಿಟ್ಜ್ ಎಂಬ ಸಸ್ಯಪರಿಸರ ವಿಜ್ಞಾನಿ 1981ರಲ್ಲಿ ಇದಕ್ಕೆ ಮೂರು ಅಳತೆಗೋಲುಗಳನ್ನು ಸೂಚಿಸಿದರು: ಗಿಡ ಎಷ್ಟು ವಿಸ್ತಾರವಾದ ಭೂಪ್ರದೇಶದಲ್ಲಿ ಹರಡಿದೆ, ಎಷ್ಟು ಬಗೆಯ ನೆಲೆಗಳಲ್ಲಿ ಬೆಳೆಯಬಲ್ಲದು, ಬೆಳೆಯುವಲ್ಲಿ ಎಷ್ಟು ದಟ್ಟವಾಗಿರುತ್ತದೆ. ಮೂರೂ ದೊಡ್ಡದಾದರೆ ಅದು ಸಾಮಾನ್ಯ ಗಿಡ. ಉಳಿದ ಏಳು ಸಂಯೋಜನೆಗಳೂ ಒಂದಲ್ಲ ಒಂದು ಬಗೆಯ ಅಪರೂಪ. ಒಂದೇ ಬಂಡೆಗುಡ್ಡದಲ್ಲಿ ಸಾವಿರಾರು ಇರುವ ಗಿಡವೂ, ಹತ್ತು ಜಿಲ್ಲೆಗಳಲ್ಲಿ ಅಲ್ಲೊಂದು ಇಲ್ಲೊಂದು ಸಿಗುವ ಗಿಡವೂ ಅಪರೂಪವೇ, ಆದರೆ ಬರ ಅವೆರಡನ್ನೂ ತಟ್ಟುವ ಬಗೆ ಒಂದೇ ಆಗಿರಲಾರದು.

ಅಪರೂಪದ ಗಿಡಗಳು ಬರದಲ್ಲಿ ದ್ಯುತಿಸಂಶ್ಲೇಷಣೆ ನಡೆಸುವಲ್ಲಿ ದುರ್ಬಲವಾಗಿರುವುದರಿಂದಲೇ ಅಪರೂಪವಾದವೇ?

ಈ ಊಹೆ ಬಹಳ ಪ್ರಚಲಿತ. ಅದು ಕೆಲವು ಸಂದರ್ಭಗಳಲ್ಲಿ ನಿಜವಾಗಬಹುದು, ಸಾರ್ವತ್ರಿಕ ನಿಯಮವಂತೂ ಅಲ್ಲ. ಅಪರೂಪದ ಮತ್ತು ಸಾಮಾನ್ಯ ಪ್ರಭೇದಗಳನ್ನು ಅಕ್ಕಪಕ್ಕದಲ್ಲಿಟ್ಟು ಅಳೆದಾಗ ಫಲಿತಾಂಶಗಳು ಎರಡೂ ಕಡೆಗೆ ವಾಲಿವೆ. ಸಾಮಾನ್ಯ ಪ್ರಭೇದಗಳು ಹಲವೆಡೆ ತಮ್ಮ ಎಲೆಯ ದಪ್ಪ, ಬೇರಿನ ಪಾಲು, ರಂಧ್ರದ ನಡವಳಿಕೆಗಳನ್ನು ಸ್ಥಳಕ್ಕೆ ತಕ್ಕಂತೆ ಹೆಚ್ಚು ಬದಲಾಯಿಸಿಕೊಳ್ಳುತ್ತವೆ. ಅಪರೂಪದ ಪ್ರಭೇದವು ತನ್ನ ಒಂದೇ ನೆಲೆಯಲ್ಲಿ, ಆ ನೆಲೆಯ ಕಷ್ಟಕ್ಕೆ ಹೇಳಿಮಾಡಿಸಿದಂತಿರುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ನೈಋತ್ಯ ಆಸ್ಟ್ರೇಲಿಯಾದ ಹೇಕಿಯಾ ಎಂಬ ಪೊದೆಗಳದು. ಅಲ್ಲಿ ಕಬ್ಬಿಣಕಲ್ಲಿನ ಹಾಸಿನ ಮೇಲಿನ ತೆಳು ಮಣ್ಣಿನಲ್ಲಿ ಮಾತ್ರ ಬೆಳೆಯುವ ಅಪರೂಪದ ಹೇಕಿಯಾಗಳನ್ನು ಅದೇ ಕುಲದ ಸಾಮಾನ್ಯ ಪ್ರಭೇದಗಳೊಡನೆ ಹೋಲಿಸಿದಾಗ, ತೆಳು ಮಣ್ಣಿನಲ್ಲಿ ಬದುಕುಳಿಯುವುದರಲ್ಲಿ ಅಪರೂಪದವೇ ಮುಂದಿದ್ದವು. ಅವುಗಳ ಸಸಿಗಳು ಹೆಚ್ಚು ಬೇರನ್ನು ಬೇಗನೆ ತಳಕ್ಕೆ ಕಳಿಸಿ, ಬಂಡೆಯ ಮೇಲ್ಮೈಯುದ್ದಕ್ಕೂ ಹರಡಿ, ಬೇಸಿಗೆ ಬರುವುದರೊಳಗೆ ಒಂದು ಬಿರುಕನ್ನು ಹುಡುಕಿಕೊಳ್ಳುತ್ತವೆ. ಆಳವಾದ ಮಣ್ಣಿನಲ್ಲಿ ಈ ಗುಣದಿಂದ ಲಾಭವಿಲ್ಲ, ಬಹುಶಃ ನಷ್ಟವೇ ಇದೆ. ಅವು ಅಪರೂಪವಾಗಿರುವುದಕ್ಕೂ ಈ ವಿಶೇಷತೆಗೂ ಸಂಬಂಧವಿದೆ. ಕೋಟೆಯ ಸುತ್ತಲಿನ ಬಂಡೆಗಳ ಸಂದಿಯಲ್ಲಿ ಬೇರೂರಿದ ಗಿಡಗಳನ್ನು ದಿನವೂ ನೋಡುವ ಚಿತ್ರದುರ್ಗದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಎಲೆಯಲ್ಲಿ ಅಳೆದ ದ್ಯುತಿಸಂಶ್ಲೇಷಣೆಯ ದರವು ಬೇರಿಗೆ ಸಿಕ್ಕ ನೀರಿನ ಪ್ರತಿಫಲನವೂ ಆಗಿರುತ್ತದೆ. ಆದ್ದರಿಂದ ಅಪರೂಪಕ್ಕೆ ಕಾರಣವನ್ನು ಎಲೆಯಲ್ಲಿ ಮಾತ್ರ ಹುಡುಕುವ ಅಧ್ಯಯನಗಳ ಬಗ್ಗೆ ಈ ಲೇಖಕನಿಗೆ ಸ್ವಲ್ಪ ಅನುಮಾನವೇ.

ಹಾಗಿದ್ದರೆ ಬರದಿಂದ ಅಪರೂಪದ ಗಿಡಗಳಿಗೆ ಹೆಚ್ಚು ಅಪಾಯ ಎನ್ನುವುದೇಕೆ?

ಸಂಖ್ಯೆ ಮತ್ತು ಸ್ಥಳದ ಕಾರಣದಿಂದ. ಬರದಲ್ಲಿ ಹತ್ತರಲ್ಲಿ ಮೂರು ಬಂದರಿಕೆಗಳು ಒಣಗಿದರೂ ಸುತ್ತಲಿನ ಗುಡ್ಡಗಳಿಂದ ಬೀಜ ಬರುತ್ತದೆ. ಒಂದೇ ಇಳಿಜಾರಿನಲ್ಲಿ ನೂರಾರು ಗಿಡಗಳಷ್ಟೇ ಉಳಿದ ಪ್ರಭೇದಕ್ಕೆ ಆ ಭರವಸೆಯಿಲ್ಲ. ಬೆಳೆದ ಗಿಡ ಬದುಕಿದರೂ ಬೇರು ಇನ್ನೂ ಇಳಿಯದ ಮೊದಲ ಬೇಸಿಗೆಯ ಸಸಿಗಳು ಸಾಯುತ್ತವೆ, ಮತ್ತು ಸತತವಾಗಿ ಕೆಲವು ವರ್ಷ ಹೀಗಾದರೆ ಮೇಲ್ನೋಟಕ್ಕೆ ಆರೋಗ್ಯವಾಗಿ ಕಾಣುವ ಗುಂಪಿನಲ್ಲಿ ಮುದಿ ಗಿಡಗಳಷ್ಟೇ ಇರುತ್ತವೆ.

ಇದಕ್ಕೆ ಮನುಷ್ಯನ ಕೈಯೂ ಸೇರುತ್ತದೆ. ದಖ್ಖನಿನ ಒಣ ಬಂಡೆಗುಡ್ಡಗಳ ಹಂಬುಪೊದೆಯಾದ ಮಾಗಳಿ ಬೇರು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಪಾಯಕ್ಕೊಳಗಾದ ಪ್ರಭೇದ. ಉಪ್ಪಿನಕಾಯಿಗೂ ಔಷಧಕ್ಕೂ ಕಾಡಿನಿಂದ ಅಗೆಯುವುದು ಅದರ ದಪ್ಪ ಬೇರುಗಳನ್ನೇ. ಎಲೆಗಳು ಕೆಲಸ ನಿಲ್ಲಿಸಿದ ಕಾಲಕ್ಕೆಂದು ಗಿಡ ಆಹಾರ ಕೂಡಿಡುವುದು ಆ ಬೇರಿನಲ್ಲಿ. ಅದನ್ನು ಅರ್ಧ ಕಿತ್ತರೂ ಗಿಡದ ಬೇಸಿಗೆಯ ಉಳಿತಾಯ ಹೋದಂತೆಯೇ. ಆಮೇಲೆ ಬಂದ ಬರದಲ್ಲಿ ಅದು ಸತ್ತರೆ ಬರವನ್ನಷ್ಟೇ ದೂರುವುದು ನ್ಯಾಯವಲ್ಲ. ರಾಜಸ್ಥಾನ, ಗುಜರಾತ್‌ಗಳ ಗುಗ್ಗುಳದ ಪೊದೆ ಅಳಿವಿನಂಚಿಗೆ ಬಂದಿರುವುದಕ್ಕೂ ಅಂಟಿಗಾಗಿ ಕಾಂಡವನ್ನು ಮಿತಿಮೀರಿ ಗಾಯಗೊಳಿಸಿದ್ದು ಮುಖ್ಯ ಕಾರಣಗಳಲ್ಲೊಂದು.

ಬರದ ಪರಿಣಾಮವನ್ನು ಅಳೆಯುವುದು ಹೇಗೆ?

ಎಲೆಯನ್ನು ಪಾರದರ್ಶಕ ಕೋಣೆಯಲ್ಲಿ ಹಿಡಿದು, ಒಳಹೋಗುವ ಮತ್ತು ಹೊರಬರುವ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹಾಗೂ ನೀರಾವಿಯ ವ್ಯತ್ಯಾಸವನ್ನು ಅವಗೆಂಪು ಕಿರಣಗಳಿಂದ ಅಳೆಯುವ ಉಪಕರಣವೇ ಮುಖ್ಯವಾದುದು. ಪತ್ರಹರಿತ್ತಿನ ಪ್ರತಿದೀಪ್ತಿಯನ್ನು, ಅಂದರೆ ಹೀರಿದ ಬೆಳಕಿನಲ್ಲಿ ಅದು ಮತ್ತೆ ಹೊರಸೂಸುವ ಅಲ್ಪ ಬೆಳಕನ್ನು ಅಳೆಯುವ ಸಣ್ಣ ಉಪಕರಣ ಇದಕ್ಕಿಂತ ಅಗ್ಗ. ಕತ್ತಲಲ್ಲಿಟ್ಟ ಆರೋಗ್ಯವಂತ ಎಲೆಯಲ್ಲಿ ಅದರ ಸೂಚ್ಯಂಕ ಸುಮಾರು 0.83 ಇರುತ್ತದೆ, ಅದಕ್ಕಿಂತ ಸ್ಪಷ್ಟವಾಗಿ ಇಳಿದರೆ ಬೆಳಕನ್ನು ಹಿಡಿದು ಬಳಸುವ ‘ಬೆಳಕಿನ ಘಟಕ’ಕ್ಕೆ ಪೆಟ್ಟುಬಿದ್ದಿದೆ ಎಂದರ್ಥ. ರಂಧ್ರ ಮುಚ್ಚಿ ದ್ಯುತಿಸಂಶ್ಲೇಷಣೆ ಅರ್ಧಕ್ಕಿಳಿದ ಎಲೆಯಲ್ಲೂ ಈ ಸೂಚ್ಯಂಕ ಹೆಚ್ಚುಕಡಿಮೆ ಸರಿಯಾಗಿಯೇ ಇರಬಹುದು ಎಂಬುದನ್ನು ಮರೆಯಬಾರದು.

ಗಿಡದ ನೀರಿನ ಸ್ಥಿತಿಯನ್ನು ತಿಳಿಯಲು ಕಡ್ಡಿಯನ್ನು ಕತ್ತರಿಸಿ ಒತ್ತಡದ ಕೋಣೆಯಲ್ಲಿಟ್ಟು, ಕತ್ತರಿಸಿದ ತುದಿಯಲ್ಲಿ ರಸ ಜಿನುಗುವ ಒತ್ತಡವನ್ನು ನೋಡುತ್ತಾರೆ. ಇದನ್ನು ಸೂರ್ಯೋದಯಕ್ಕೆ ಮೊದಲೇ ಮಾಡಬೇಕು, ಏಕೆಂದರೆ ರಾತ್ರಿಯಿಡೀ ನೀರು ಹೀರಿದ ಗಿಡವು ಆ ಹೊತ್ತಿಗೆ ಬೇರಿನ ಸುತ್ತಲಿನ ಮಣ್ಣಿನೊಡನೆ ಸಮತೋಲಕ್ಕೆ ಬಂದಿರುತ್ತದೆ. ಬೆಳೆಗಳು ಬಾಡಿ ಚೇತರಿಸದ ಹಂತವನ್ನು ರೂಢಿಯಲ್ಲಿ −1.5 ಮೆಗಾಪಾಸ್ಕಲ್ (ಒತ್ತಡದ ಮಾನ; ಋಣ ಚಿಹ್ನೆ ನೀರಿನ ಮೇಲಿನ ಎಳೆತವನ್ನು ಸೂಚಿಸುತ್ತದೆ, ಸಂಖ್ಯೆ ಕೆಳಗಿಳಿದಷ್ಟೂ ನೀರಿನ ಕೊರತೆ ಹೆಚ್ಚು) ಎಂದು ಹಿಡಿಯುತ್ತಾರೆ. ಉತ್ತರ ಅಮೆರಿಕದ ಮರುಭೂಮಿಯ ಕ್ರಿಯೋಸೋಟ್ ಪೊದೆ −5 ಮೆಗಾಪಾಸ್ಕಲ್‌ಗಿಂತ ಕೆಳಗೂ ಅಲ್ಪಸ್ವಲ್ಪ ದ್ಯುತಿಸಂಶ್ಲೇಷಣೆ ನಡೆಸುತ್ತದೆ.

ವಿದ್ಯಾರ್ಥಿಗಳು ಇಂತಹ ಹೋಲಿಕೆಯ ಪ್ರಯೋಗ ಮಾಡುವಾಗ ಯಾವುದರ ಬಗ್ಗೆ ಎಚ್ಚರ ವಹಿಸಬೇಕು?

ಹೋಲಿಸುವ ಎರಡು ಗಿಡಗಳು ಸಾಧ್ಯವಾದಷ್ಟೂ ಒಂದೇ ಕುಲದವಾಗಿರಲಿ. ಮಾಗಳಿ ಬೇರನ್ನು ಲಂಟಾನದೊಡನೆ ಹೋಲಿಸಿದರೆ ಕಾಣುವ ವ್ಯತ್ಯಾಸವು ಅಪರೂಪದಿಂದ ಬಂದುದೋ ಬೇರೆ ಬೇರೆ ವಂಶದಿಂದ ಬಂದುದೋ ಹೇಳಲಾಗದು. ಬಂದರಿಕೆಯ ಕುಲದ ಕೆಲವು ಪ್ರಭೇದಗಳು ಆಸ್ಟ್ರೇಲಿಯಾದಲ್ಲಿ ಅಪಾಯದ ಪಟ್ಟಿಯಲ್ಲಿವೆ, ನಮ್ಮ ಬಂದರಿಕೆ ಮಾತ್ರ ಉಷ್ಣವಲಯದುದ್ದಕ್ಕೂ ಹರಡಿದೆ. ಹೋಲಿಕೆಗೆ ಇಂತಹ ಜೋಡಿಗಳೇ ಸೂಕ್ತ.

ಕುಂಡದ ಪ್ರಯೋಗಗಳಲ್ಲಿ ಇನ್ನೊಂದು ತೊಡಕಿದೆ. ಬೇಗ ಬೆಳೆಯುವ ಸಾಮಾನ್ಯ ಗಿಡ ದೊಡ್ಡ ಎಲೆಹೊದಿಕೆಯಿಂದ ಕುಂಡದ ನೀರನ್ನು ಬೇಗ ಮುಗಿಸಿ ಮೊದಲು ಬಾಡುತ್ತದೆ. ಆಗ ಚಿಕ್ಕದಾಗಿದ್ದ ಅಪರೂಪದ ಗಿಡವೇ ಬರಸಹಿಷ್ಣು ಎಂಬ ತಪ್ಪು ತೀರ್ಮಾನ ಸಿಗುತ್ತದೆ. ದಿನಗಳನ್ನು ಎಣಿಸುವ ಬದಲು ಮಣ್ಣಿನ ತೇವ ಒಂದೇ ಮಟ್ಟಕ್ಕೆ ಇಳಿದಾಗ ಎರಡನ್ನೂ ಅಳೆಯಬೇಕು. ಅಳತೆಯ ಹೊತ್ತೂ ಮುಖ್ಯ. ಬೇಸಿಗೆಯಲ್ಲಿ ಅನೇಕ ಪೊದೆಗಳು ಬೆಳಿಗ್ಗೆ ಹತ್ತರೊಳಗೆ ದಿನದ ಹೆಚ್ಚಿನ ಕೆಲಸ ಮುಗಿಸಿ ಮಧ್ಯಾಹ್ನ ರಂಧ್ರ ಮುಚ್ಚಿರುತ್ತವೆ.

ಕಾಯ್ದಿಟ್ಟ ಅರಣ್ಯದಿಂದ ಅಪರೂಪದ ಗಿಡದ ಕಡ್ಡಿಯನ್ನೋ ಸಸಿಯನ್ನೋ ತರುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತಿರುವುದರಿಂದ ಗಿಡಗಳಿಗೆ ಬರ ಎದುರಿಸುವುದು ಸುಲಭವಾಗುವುದಿಲ್ಲವೇ?

ಭಾಗಶಃ ಹೌದು. ಕೈಗಾರಿಕಾ ಯುಗಕ್ಕೆ ಮೊದಲು ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದುದು ಈಗ 420ನ್ನು ದಾಟಿರುವುದರಿಂದ, ಸಿ-3 ಗಿಡಗಳು ರಂಧ್ರವನ್ನು ಕಿರಿದಾಗಿಟ್ಟುಕೊಂಡೇ ಮೊದಲಿನಷ್ಟು ಇಂಗಾಲ ಪಡೆಯಬಲ್ಲವು. ಆದರೆ ಅದರೊಡನೆಯೇ ತಾಪವೂ ಗಾಳಿಯ ನೀರೆಳೆಯುವ ಶಕ್ತಿಯೂ ಏರುತ್ತಿವೆ. ಉಳಿತಾಯದ ಹೆಚ್ಚಿನ ಪಾಲು ಒಣ ಸೀಮೆಯಲ್ಲಿ ಹೀಗೆ ಕೈತಪ್ಪುತ್ತದೆ.

ಮಳೆ ಬಂದ ಮೇಲೆ ದ್ಯುತಿಸಂಶ್ಲೇಷಣೆ ಮೊದಲಿನಂತಾಗಲು ಎಷ್ಟು ಕಾಲ ಬೇಕು?

ಯಾವ ಹಂತದವರೆಗೆ ಪೆಟ್ಟು ಬಿದ್ದಿತ್ತು ಎಂಬುದನ್ನು ಇದು ಅವಲಂಬಿಸಿದೆ. ರಂಧ್ರಗಳು ಮಾತ್ರ ಮುಚ್ಚಿದ್ದರೆ ಒಂದೆರಡು ದಿನಗಳಲ್ಲೇ ಚೇತರಿಕೆ ಕಾಣುತ್ತದೆ. ಬೆಳಕಿನ ಘಟಕದ ಪ್ರೋಟೀನುಗಳು ಹಾಳಾಗಿದ್ದರೆ ಅವನ್ನು ಮತ್ತೆ ಕಟ್ಟಲು ಇನ್ನೂ ಹಲವು ದಿನ, ಎಲೆ ಉದುರಿದ್ದರೆ ಹೊಸ ಎಲೆ ಬಲಿಯಲು ವಾರಗಳು ಬೇಕು. ಕಾಂಡದ ನಾಳಗಳು ಕಡಿದಿದ್ದರೆ ಹೊಸ ಕ್ಸೈಲಮ್ ಬೆಳೆಯುವವರೆಗೆ ಕಾಯಬೇಕಾಗುತ್ತದೆ, ಅದು ಒಂದು ಮಳೆಗಾಲವೇ ಆದೀತು. ಏಪ್ರಿಲ್‌ನಲ್ಲಿ ಬಿದ್ದ ಒಂದೇ ಅಡ್ಡಮಳೆಗೆ ಚಿಗುರಿ ಮತ್ತೆ ಒಣಗುವ ಗಿಡಕ್ಕೆ ಆ ಚಿಗುರಿನ ಖರ್ಚೂ ನಷ್ಟವೇ. ಕೂಡಿಟ್ಟ ಆಹಾರ ಕಡಿಮೆಯಿರುವ ಸಣ್ಣ ಗಿಡಗಳಿಗೆ ಇದು ಹೆಚ್ಚು ಹೊಡೆತ.

ಎಲೆಯೆಲ್ಲ ಉದುರಿದ ಪೊದೆ ಸತ್ತಿದೆಯೋ ಬದುಕಿದೆಯೋ ತಿಳಿಯುವುದು ಹೇಗೆ?

ಒಂದು ಕಡ್ಡಿಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಕೆಳಗೆ ಹಸಿರು ತೇವವಿದ್ದರೆ ಆ ಕಡ್ಡಿ ಜೀವಂತ, ಮತ್ತು ಆ ಹಸಿರು ಅಂಗಾಂಶವೇ ಕಾಂಡದೊಳಗೆ ಉಸಿರಾಟದಿಂದ ಬಿಡುಗಡೆಯಾದ ಇಂಗಾಲದ ಡೈಆಕ್ಸೈಡಿನ ಒಂದು ಪಾಲನ್ನು ಮತ್ತೆ ಹಿಡಿದಿಡುತ್ತಿರುತ್ತದೆ. ಕಂದುಬಣ್ಣವಾಗಿ ಒಣಗಿದ್ದರೆ ಬುಡದ ಕಡೆಗೆ ಬರುತ್ತ ಇನ್ನೆರಡು ಕಡೆ ನೋಡಿ. ಮೇಲೆಲ್ಲ ಒಣಗಿ ಬುಡದಿಂದ ಚಿಗುರುವ ಪೊದೆಗಳು ನಮ್ಮಲ್ಲಿ ಬಹಳ. ಈ ಕಾರಣಕ್ಕೆ ಚಿತ್ತೆ ಮಳೆ ಕಳೆಯುವವರೆಗೂ ಒಣಗಿದಂತೆ ಕಾಣುವ ಪೊದೆಯನ್ನು ಸೌದೆಗೆಂದು ಬುಡಸಮೇತ ಕೀಳದಿರುವುದು ಒಳ್ಳೆಯದು.